ಸ್ಕ್ರೋಲ್ ಸಾ ಬ್ಲೇಡ್: ಪಿನ್ ಇರುವುದೋ, ಇಲ್ಲದ್ದೋ?

ಸ್ಕ್ರೋಲ್ ಸಾ ಅಂದರೆ ಮರದಲ್ಲಿ ನಾಜೂಕು ಆಕಾರ ಕತ್ತರಿಸುವ ಗರಗಸದ ಮಷೀನು. ಅದಕ್ಕೆ ಸಾಮಾನ್ಯವಾಗಿ ಹಾಕುವುದು 5 ಇಂಚಿನ ಬ್ಲೇಡ್. ಅದರಲ್ಲಿ ಎರಡು ಥರ. ಒಂದರ ಎರಡೂ ತುದಿಗೆ ಅಡ್ಡಲಾಗಿ ಪುಟ್ಟ ಪಿನ್ ಇರುತ್ತದೆ. ಇನ್ನೊಂದು ಬರೀ ತೆಳು ಪಟ್ಟಿ.

ಹಾಕುವುದಕ್ಕೆ ಸುಲಭ ಪಿನ್ ಇರುವುದೇ. ಕೆಳಗಿನ ಕೊಕ್ಕೆಗೆ ಸಿಕ್ಕಿಸಿ, ಮೇಲಿನ ತೋಳು ಸ್ವಲ್ಪ ಒತ್ತಿ ಇನ್ನೊಂದು ತುದಿ ಸಿಕ್ಕಿಸಿದರೆ ಆಯಿತು. ಹೆಸರಿನ ಫಲಕ, ಮಕ್ಕಳ ಆಟಿಕೆ ಇಷ್ಟೇ ಸಾಕು ಅನ್ನುವವರಿಗೆ ಇದು ಧಾರಾಳ.

ಜಾಲರಿ ಕೆಲಸಕ್ಕೆ ಕೈ ಹಾಕಿದಾಗ ಕಷ್ಟ ಶುರು. ಒಳಭಾಗ ಕತ್ತರಿಸಲು ಮೊದಲು ಡ್ರಿಲ್ ಮಾಡಿ, ಆ ತೂತಿನಲ್ಲಿ ಬ್ಲೇಡ್ ತೂರಿಸಬೇಕು ಅಲ್ವಾ? ಪಿನ್ ತೂರಲು ತೂತು ದೊಡ್ಡದಾಗಲೇಬೇಕು. ಕೆಲವೊಮ್ಮೆ ಹೂವಿನ ಎಸಳಿಗಿಂತ ತೂತೇ ದೊಡ್ಡದು! ಪಿನ್ ಇಲ್ಲದ ಸಣ್ಣ ಬ್ಲೇಡಿಗೆ 1.5 ಮಿ.ಮೀ. ತೂತು ಸಾಕು.

ಆದರೆ ಅದು ನಿಲ್ಲುವುದು ಸ್ಕ್ರೂ ಹಿಡಿತದಲ್ಲಿ. ಮೊದಮೊದಲು ನನಗೆ ಪದೇಪದೇ ಪಟ್ ಅಂತ ಜಾರುತ್ತಿತ್ತು. ಹೊಸ ಬ್ಲೇಡಿನ ಎಣ್ಣೆ ಜಿಡ್ಡಿನ ಕಾಟ. ತುದಿಗಳನ್ನು ಸ್ಯಾಂಡ್ ಪೇಪರಿನಿಂದ ಉಜ್ಜಿದ ಮೇಲೆ ಸುಮ್ನೆ ನಿಂತಿತು.

ಬಿಗಿ ಮಾಡುವ ಲೆಕ್ಕ ಎರಡಕ್ಕೂ ಒಂದೇ. ಪ್ಲಗ್ ಕಿತ್ತಿಡಿ. ಹಲ್ಲು ಕೆಳಮುಖವಾಗಿ, ನಿಮ್ಮ ಕಡೆಗಿರಲಿ. ಬಿಗಿ ಮಾಡಿ, ತಂಬೂರಿ ತಂತಿಯಂತೆ ಮೀಟಿ. 'ಟಿಂಗ್' ಅಂದರೆ ಸರಿ, 'ದಬ್' ಅಂದರೆ ಸಡಿಲ. ಬೆರಳಿನಿಂದ ಪಕ್ಕಕ್ಕೆ ಒತ್ತಿದರೆ 3 ಮಿ.ಮೀ.ಗಿಂತ ಜಾಸ್ತಿ ಸರಿಯಬಾರದು. ಸಡಿಲವಾದರೆ ಗೆರೆ ಬಿಟ್ಟು ಓಡುತ್ತದೆ, ಅತಿ ಬಿಗಿಯಾದರೆ ತುಂಡಾಗುತ್ತದೆ.

ಎರಡೂ ಹಿಡಿಯುವ ಮಷೀನುಗಳು ಸಿಗುತ್ತವೆ. ಪಿನ್ ಬ್ಲೇಡ್ ಮಾತ್ರ ಹಿಡಿಯುವುದನ್ನು, ಎಷ್ಟೇ ಅಗ್ಗವಾದರೂ, ನಾನಂತೂ ಕೊಳ್ಳುವುದಿಲ್ಲ.