ಹೊರಗೋಡೆಗೆ ಬಣ್ಣ ಹೊಡೆಸ್ತೀರಾ? ಬಕೆಟ್ಟಿನ ಮುಚ್ಚಳ ನಿಮ್ಮೆದುರೇ ತೆರೆಯಲಿ

ಗೋವಾದ ವಾಸ್ಕೋ, ಚಿಕಾಲಿಂ, ಮಡಗಾಂವ್ ಕಡೆ ಸ್ವಂತ ಮನೆ ಇರುವ ಕನ್ನಡದವರು ದೀಪಾವಳಿ ಹೊತ್ತಿಗೆ ಹೊರಗೋಡೆಗೆ ಬಣ್ಣ ಹೊಡೆಸುವ ಯೋಚನೆಯಲ್ಲಿದ್ದರೆ ಮೊದಲು ಇದನ್ನು ಓದಿ. ವಾಸ್ಕೋದ ನಮ್ಮ ಎರಡಂತಸ್ತಿನ ಮನೆಗೆ ಮೇ ಕೊನೆಯಲ್ಲಿ ಹೊಡೆಸಿದ ಬಣ್ಣ ಗಣೇಶ ಚೌತಿಗೆ ಮುಂಚೆಯೇ ಕಿತ್ತು ಬಂತು. ಕೂಲಿ, ಸಾಮಾನು ಎಲ್ಲಾ ಸೇರಿ ಎಪ್ಪತ್ತೆಂಟು ಸಾವಿರ ಕೊಟ್ಟಿದ್ದೆವು. ಮೋಸ ನಡೆದದ್ದೆಲ್ಲ ಬಣ್ಣ ಗೋಡೆಗೆ ತಾಗುವುದಕ್ಕೂ ಮುಂಚೆ. ಅದಕ್ಕೇ ಯಾವ ಹಂತದಲ್ಲಿ ಏನಾಯಿತು ಅಂತ ಬಿಡಿಸಿ ಬರೆಯುತ್ತಿದ್ದೇನೆ.

ಪೇಂಟರ್ ನಮ್ಮ ಬಾಗಲಕೋಟೆ ಕಡೆಯವನು. ಗೋವಾದಲ್ಲಿ ಗಿಲಾವು, ಸೆಂಟ್ರಿಂಗ್, ಬಣ್ಣದ ಕೆಲಸದಲ್ಲಿ ಉತ್ತರ ಕರ್ನಾಟಕದವರು ಎಷ್ಟು ಮಂದಿ ಇದ್ದಾರೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ, ಬಹಳಷ್ಟು ಜನ ಮೈಮುರಿದು ದುಡಿಯುವವರೇ. ಇವನು ಬಂದವನೇ, “ಅಕ್ಕಾರ, ನಿಮ್ಮ ಮನಿ ಅಂದ್ರ ನಮ್ಮ ಮನಿ ಇದ್ದಂಗ್ರಿ. ಹತ್ತ ವರ್ಷ ಗೋಡಿ ಕಡೆ ತಿರುಗಿ ನೋಡಬ್ಯಾಡ್ರಿ” ಅಂದ. ನಮ್ಮ ಯಜಮಾನರಿಗೆ ಊರ ಕಡೆಯ ಮಾತು ಕಿವಿಗೆ ಬಿದ್ದರೆ ಸಾಕು, ರೇಟು ಕೇಳುವ ಮೊದಲು ಚಹಾ ಆಗಬೇಕು.

ಆ ಹತ್ತು ವರ್ಷದ ಮಾತಿನ ಹಿಂದೆ ಏನಿರುತ್ತದೆ ಅಂದರೆ, ಬಣ್ಣದ ಕಂಪನಿಗಳು ನೀರು ಬೆರೆಸಿ ಹೊಡೆಯುವ ದುಬಾರಿ ಎಮಲ್ಷನ್‌ಗಳಿಗೆ ಇಂತಿಷ್ಟು ವರ್ಷ ವಾರಂಟಿ ಅಂತ ಹೇಳುತ್ತವೆ. ಆದರೆ ಅದು ಅವರು ಹೇಳಿದ ಪ್ರೈಮರ್ (ಬಣ್ಣಕ್ಕೂ ಮೊದಲು ಹೊಡೆಯುವ ತಳಕೋಟು), ಹೇಳಿದಷ್ಟು ಕೋಟು, ಅಂಗಡಿಯ ಬಿಲ್ಲು ಎಲ್ಲಾ ಇದ್ದರೆ ಮಾತ್ರ. ಗೋಡೆ ಸರಿಯಾಗಿ ತಯಾರು ಮಾಡದಿದ್ದರೆ, ಒಳಗಿಂದ ನೀರು ಜಿನುಗುತ್ತಿದ್ದರೆ ಅದು ಅನ್ವಯಿಸುವುದಿಲ್ಲ. ಪೇಂಟರ್ ಬಾಯಲ್ಲಿ ಹೇಳುವ ಗ್ಯಾರಂಟಿಗೂ ಕಂಪನಿಗೂ ಸಂಬಂಧವೇ ಇಲ್ಲ.

ಮೊದಲ ಕಳ್ಳಾಟ ತೊಳೆಯುವುದರಲ್ಲಿ. ವಾಸ್ಕೋದಲ್ಲಿ ಕಿಟಕಿಯ ದಂಡೆ ಮೇಲೆ ಬೆರಳಾಡಿಸಿದರೆ ಬಂದರಿನ ಕಲ್ಲಿದ್ದಲಿನ ಕರೀ ಪುಡಿ ಅಂಟುತ್ತದೆ. ಅದರ ಜೊತೆ ಸಮುದ್ರದ ಉಪ್ಪುಗಾಳಿ, ಮಳೆಗಾಲದ ಪಾಚಿ. ಇಂಥ ಗೋಡೆಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಪಾಚಿಗೆ ಔಷಧಿ ಅಥವಾ ಬ್ಲೀಚಿಂಗ್ ಪುಡಿಯ ನೀರು ಹೊಡೆದು, ಒತ್ತಡದ ನೀರಿನ ಜೆಟ್ಟಿನಲ್ಲಿ ತೊಳೆದು, ಚೆನ್ನಾಗಿ ಒಣಗಲು ಬಿಡಬೇಕು. ನಮ್ಮಲ್ಲಿ ಒಬ್ಬ ಹುಡುಗ ಸಾರ್ವೆ ಹತ್ತಿ ತೆಂಗಿನ ಕಸಬರಿಗೆಯಿಂದ ಗುಡಿಸಿ ಇಳಿದ. ಯಾಕಪ್ಪಾ ನೀರು ಹಾಕಲ್ವಾ ಅಂದರೆ, “ಗೋಡಿ ಹಸಿ ಆದ್ರ ಒಣಗಾಕ ದಿನಾ ಬೇಕ್ರಿ ಅಕ್ಕಾರ, ಮಳಿ ಬಂದುಬಿಡತೈತಿ.” ಮಳೆ ಬರುವುದು ನಿಜ, ಜೂನ್ ಮೊದಲ ವಾರಕ್ಕೆಲ್ಲ ಗೋವಾದಲ್ಲಿ ಮುಂಗಾರು ಶುರು. ಮಾರ್ಚಿನಲ್ಲೇ ಮುಂಗಡ ತೆಗೆದುಕೊಂಡವನು ಬೇರೆಯವರ ಕೆಲಸ ಮುಗಿಸಿಕೊಂಡು ಮೇ ಕೊನೆಗೆ ಬಂದದ್ದೂ ಅಷ್ಟೇ ನಿಜ. ಮಳೆಯ ಹೆಸರಲ್ಲಿ ಅವಸರ ಮಾಡಿದರೆ ಒಂದೊಂದೇ ಕೆಲಸ ಹಾರಿಸಬಹುದು ನೋಡಿ.

ಬಿರುಕು ತುಂಬಿದ್ದು ಪಿಒಪಿಯಲ್ಲಿ, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ. ಅದು ಮನೆಯೊಳಗಿನ ಸಾಮಾನು, ಹೊರಗೆ ಮಳೆ ನೀರು ಕುಡಿದು ಮೆತ್ತಗಾಗುತ್ತದೆ. ಹೊರಗೋಡೆಗೆ ಬಿಳಿ ಸಿಮೆಂಟಿನ ಪುಟ್ಟಿಯೋ ಬಿರುಕಿಗೆಂದೇ ಸಿಗುವ ಫಿಲ್ಲರೋ ಆಗಬೇಕು. ಗುರುತಿಸುವುದು ಸುಲಭ: ಕಲಸಿದ ಸ್ವಲ್ಪ ಹೊತ್ತಿಗೇ ಬಾಣಲೆಯಲ್ಲಿ ಗಟ್ಟಿಯಾಗುತ್ತಿದ್ದರೆ ಅದು ಪಿಒಪಿ.

ಪ್ರೈಮರ್ ಅಂತ ಹೊಡೆದದ್ದು ಬೇರೆ ಯಾರದೋ ಮನೆಯಲ್ಲಿ ಉಳಿದ ಬಣ್ಣಕ್ಕೆ ನೀರು ಬೆರೆಸಿದ್ದು. ಬಿಳಿ ಇರಬೇಕಾದದ್ದು ತೆಳು ಗುಲಾಬಿಯಾಗಿತ್ತು.

ಈಗ ಬಕೆಟ್ಟಿನ ವಿಷಯ. ಬಂದ ಬಕೆಟ್ಟಿನ ಮುಚ್ಚಳದ ಅಂಚು ಆಗಲೇ ಕಿತ್ತಿತ್ತು. ಕೇಳಿದ್ದಕ್ಕೆ, “ಟೋಕನ್ ತಗೊಳ್ಳಾಕ ಅಂಗಡ್ಯಾಗ ತೆರೆದೀವ್ರಿ” ಅಂದ. ಕಂಪನಿಯವರು ಪೇಂಟರುಗಳಿಗೆಂದು ಡಬ್ಬಿಯಲ್ಲಿ ದುಡ್ಡು ಸಿಗುವ ಟೋಕನ್ ಇಡುವುದು ಹಳೆಯ ಪದ್ಧತಿ, ಆ ದುಡ್ಡು ಅವರಿಗೇ ಸೇರಲಿ, ಯಾರ ತಕರಾರೂ ಇಲ್ಲ. ಆದರೆ ಅದನ್ನು ನಿಮ್ಮ ಅಂಗಳದಲ್ಲೂ ತೆಗೆದುಕೊಳ್ಳಬಹುದಲ್ಲ? ತೆರೆದ ಬಕೆಟ್ಟಿನಲ್ಲಿ ಹೆಸರು ದುಬಾರಿ ಬಣ್ಣದ್ದು, ಒಳಗಿರುವುದು ಅಗ್ಗದ್ದು ಅಂತಾದರೆ ನೀವು ಕಣ್ಣಲ್ಲಿ ನೋಡಿ ಕಂಡುಹಿಡಿಯಲಾರಿರಿ. ಮುಚ್ಚಳ ಬಿಗಿಯಾಗಿರಬೇಕು. ಡೀಲರ್ ಬಣ್ಣ ಬೆರೆಸಿ ಅಂಟಿಸಿದ ಚೀಟಿಯಲ್ಲಿ ಶೇಡ್ ನಂಬರ್ ಇರಬೇಕು. ಬಕೆಟ್ಟಿನ ಮೇಲಿನ ಬ್ಯಾಚ್ ನಂಬರಿನ ಫೋಟೋ ತೆಗೆದಿಟ್ಟುಕೊಳ್ಳಿ. ಎಲ್ಲಕ್ಕಿಂತ ಒಳ್ಳೆಯದು, ಸಾಮಾನು ನೀವೇ ತಂದು ಅವರಿಗೆ ಕೂಲಿ ಮಾತ್ರ ಕೊಡುವುದು.

ಇನ್ನು ನೀರು. ಎಮಲ್ಷನ್‌ಗೆ ನೀರು ಬೆರೆಸಲೇಬೇಕು, ಎಷ್ಟು ಅಂತ ಡಬ್ಬಿಯ ಮೇಲೇ ಬರೆದಿರುತ್ತದೆ. ಎಷ್ಟು ಬೆರೆಸಿದರು ಅಂತ ನಿಂತು ನೋಡಲು ಆಗದಿದ್ದರೆ ಲೆಕ್ಕ ಹಾಕಿ. ಅವನದೇ ಟೇಪಿನ ಅಳತೆಯಲ್ಲಿ ನಮ್ಮ ಹೊರಗೋಡೆ 2,400 ಚದರಡಿ. (ಕಿಟಕಿ, ಬಾಗಿಲನ್ನೂ ಗೋಡೆಯೆಂದೇ ಅಳೆದಿದ್ದ, ಅದು ಇನ್ನೊಂದು ಕಥೆ.) ಒರಟು ಹೊರಗೋಡೆಗೆ ಎರಡು ಕೋಟು ಅಂದರೆ ಲೀಟರಿಗೆ ಸುಮಾರು 50 ಚದರಡಿ ಅಂತ ಹಿಡಿಯಿರಿ. ಹಾಗಾದರೆ 48 ಲೀಟರ್ ಬೇಕು, ಅಂದರೆ 20 ಲೀಟರಿನ ಎರಡು ಬಕೆಟ್ ಮತ್ತು ಮೇಲಿಷ್ಟು. ನಮ್ಮ ಮನೆಗೆ ಬಂದದ್ದು 20 ಲೀಟರಿನದೊಂದು, 4 ಲೀಟರಿನದೊಂದು. ಉಳಿದರ್ಧವನ್ನು ನಮ್ಮ ನಲ್ಲಿಯೇ ಒದಗಿಸಿತು.

ಜುಲೈ ಮಳೆಗೆ ಪಶ್ಚಿಮದ ಗೋಡೆಯಲ್ಲಿ ಸಜ್ಜಾದ ಕೆಳಗೆ ಗುಳ್ಳೆ ಎದ್ದವು. ಆಮೇಲೆ ಅಂಗೈ ಅಗಲದ ಚಕ್ಕೆಗಳು ಹಪ್ಪಳದ ಹಾಗೆ ಏಳತೊಡಗಿದವು. ಫೋನ್ ಮಾಡಿದರೆ, “ನಿಮ್ಮ ಗೋಡ್ಯಾಗ ಓಲ (ತೇವ) ಐತ್ರಿ, ವಾಟರ್‌ಪ್ರೂಫಿಂಗ್ ಮಾಡಿಸಬೇಕಾಕ್ಕತಿ, ಇಪ್ಪತ್ತೈದು ಸಾವಿರ ಬೇರೆ” ಅಂದ. ಕೆಟ್ಟ ಕೆಲಸಕ್ಕೆ ಗೋಡೆಯನ್ನೇ ದೂರಿ, ಅದರ ಮೇಲೆ ಇನ್ನೊಂದು ಕೆಲಸ ಹಿಡಿಯುವ ಉಪಾಯ. ದುಡ್ಡು ಇಲ್ಲ ಅಂದ ಮೇಲೆ ಫೋನ್ ಎತ್ತುವುದನ್ನೂ ನಿಲ್ಲಿಸಿದ.

ಇಲ್ಲೇ ಹುಟ್ಟಿ ಬೆಳೆದ ಹಿರಿಯ ಪೇಂಟರ್ ಒಬ್ಬರನ್ನು ಕರೆದು ತೋರಿಸಿದೆವು. ಅವರು ಏನೂ ಮಾತಾಡದೆ ಒಂದು ಚಕ್ಕೆ ಕಿತ್ತು ಮಗುಚಿ ನನ್ನ ಕೈಗಿಟ್ಟರು. ಮೇಲೆ ಕೆನೆ ಬಣ್ಣ, ಬೆನ್ನು ಪೂರ್ತಿ ಕಪ್ಪು. ಬೆರಳಲ್ಲಿ ಉಜ್ಜಿದರೆ ಪುಡಿ ಪುಡಿ. ಗೋಡೆ ಒಳಗಿಂದ ಜಿನುಗುತ್ತಿದ್ದರೆ ಚಕ್ಕೆಯ ಹಿಂದೆ ಸಾಮಾನ್ಯವಾಗಿ ಬಿಳಿ ಉಪ್ಪೋ ಒದ್ದೆಯೋ ಕಾಣುತ್ತದಂತೆ, ಇದು ಬರೀ ಒಣ ಧೂಳು. ಇನ್ನೂ ಗಟ್ಟಿಯಾಗಿ ಕಾಣುತ್ತಿದ್ದ ಕಡೆ ಬ್ಲೇಡಿನಿಂದ ಅಡ್ಡ-ಉದ್ದ ಗೀರಿ, ಸೆಲೋ ಟೇಪ್ ಒತ್ತಿ ಎಳೆದರು. ಬಣ್ಣ ಟೇಪಿನ ಜೊತೆ ಬಂತು. “ಬಾಯ್, ಧುಂವ್ಕ್ ನಾ” ಅಂದರು. ತೊಳೆದೇ ಇಲ್ಲ.

ಈ ಟೇಪಿನ ಪರೀಕ್ಷೆಯನ್ನು ಕೊನೆಯ ಕಂತು ಕೊಡುವ ಮೊದಲು ನೀವೇ ಮಾಡಬಹುದು. ಕೆಲಸಕ್ಕೆ ಮುಂಚೆ ಹಳೆ ಗೋಡೆಗೆ ಅಂಗೈ ಉಜ್ಜಿ ನೋಡಿ, ಸುಣ್ಣದಂಥ ಪುಡಿ ಅಂಟಿದರೆ ಕೆರೆದು ತೊಳೆದು ಪ್ರೈಮರ್ ಹಾಕದೆ ಅದರ ಮೇಲೆ ಯಾವ ಬಣ್ಣವೂ ನಿಲ್ಲುವುದಿಲ್ಲ. ದುಡ್ಡನ್ನು ಹಂತ ಹಂತವಾಗಿ ಕೊಡಿ: ತೊಳೆದು ಒಣಗಿದ ಮೇಲೆ ಇಷ್ಟು, ಪ್ರೈಮರ್ ಆದ ಮೇಲೆ ಇಷ್ಟು, ಒಂದು ಭಾಗ ಕೊನೆಗೆ. ಅರ್ಧ ದುಡ್ಡು ಮೊದಲೇ ಕೇಳಿದರೆ ಬೇರೆಯವರನ್ನು ನೋಡಿ. ಎಷ್ಟು ಕೋಟು, ಯಾವ ಪ್ರೈಮರ್, ಸಾರ್ವೆಯ ಖರ್ಚು ಯಾರದು, ಹುಡುಗ ಮೇಲಿಂದ ಬಿದ್ದರೆ ಯಾರ ಹೊಣೆ, ಎಲ್ಲಾ ಒಂದು ಹಾಳೆಯಲ್ಲಿ ಬರೆದು ಸಹಿ ಇರಲಿ. ಊರು ಯಾವುದೇ ಆಗಲಿ, ಕಾಗದ ಬೇಕು.

ಬಿಲ್ಲು ಇಲ್ಲದಿದ್ದರೂ ಯುಪಿಐಯಲ್ಲಿ ಕೊಟ್ಟದ್ದರ ದಾಖಲೆ, ವಾಟ್ಸಾಪ್ ಮಾತುಕತೆ, ಫೋಟೋಗಳು ಸಾಕ್ಷಿಗೆ ಬರುತ್ತವೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿ ಬಗೆಹರಿಯದಿದ್ದರೆ ದಕ್ಷಿಣ ಗೋವಾದವರಿಗೆ ಮಡಗಾಂವ್‌ನಲ್ಲಿ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ ದೂರು ಕೊಡಬೇಕು, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ನಾವು ಕಾಗದಪತ್ರ ಜೋಡಿಸುತ್ತಿದ್ದೇವೆ.

ಗೋಡೆಯ ಕೆಲಸ ಆ ಹಿರಿಯ ಪೇಂಟರಿಗೇ ಕೊಟ್ಟಿದ್ದೇವೆ, ನವೆಂಬರಿನಲ್ಲಿ ಗೋಡೆ ಒಣಗಿದ ಮೇಲೆ ಶುರು. ಹೊಸ ಬಣ್ಣವನ್ನೆಲ್ಲ ಮೊದಲು ಕೆರೆದು ತೆಗೆಯಬೇಕಂತೆ, ಅದರ ಕೂಲಿ ಬೇರೆ. ಹಳೆಯ ಗೋಡೆಗೇ ಸರಿಯಾಗಿ ಹೊಡೆದಿದ್ದರೆ ಈ ಖರ್ಚೇ ಬರುತ್ತಿರಲಿಲ್ಲ.