ಮಳೆಗಾಲಕ್ಕೆ ಕಟ್ಟಿಟ್ಟ ಬೋಟಿನಲ್ಲಿ ಇಲಿಗೆಂದು ಗೋಡೌನ್ ಮಾತ್ರೆ ಇಡಲು ಬಿಡಬೇಡಿ

ಬೋಟ್ ಇರುವವರು, ಬೋಟಿನಲ್ಲಿ ದುಡಿಯುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. 61 ದಿನ ಬೋಟುಗಳೆಲ್ಲ ಬಂದರಿನಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆ. ಮನುಷ್ಯರು ಇಳಿದ ಕೂಡಲೇ ಇಲಿಗಳು ಹತ್ತುತ್ತವೆ. ಇಲಿ ಹತ್ತಿತು ಅಂತ ಯಾರೋ ವಿಷದ ಗ್ಯಾಸ್ ಬಿಡುವ ಗೋಡೌನ್ ಮಾತ್ರೆ ಇಡುತ್ತಾರೆ. ನಮ್ಮ ಬೋಟಿನಲ್ಲಿ ಇಲಿಯಿಂದ ಆದ ನಷ್ಟ ಕಡಿಮೆ, ಮಾತ್ರೆಯಿಂದ ಆದದ್ದೇ ಜಾಸ್ತಿ. ಒಬ್ಬ ಹುಡುಗನ ಜೀವವೇ ಹೋಗುತ್ತಿತ್ತು.

ನಮ್ಮದು ಮಲ್ಪೆಯ ಟ್ರಾಲ್ ಬೋಟ್. ಮರದ್ದು, ಮೇಲೆ ಫೈಬರ್ ಹೊದಿಸಿದ್ದು. ಮೇ ಕೊನೆಗೆ ಬೋಟಿನಲ್ಲಿ ದುಡಿಯುವ ಕಲಾಸಿಗಳೆಲ್ಲ ಊರಿಗೆ ಹೋಗುತ್ತಾರೆ. ಆಮೇಲೆ ಒಳಗೆ ಸೇರಿದ ನೀರು ಪಂಪ್ ಮಾಡುವುದು, ಗಾಳಿ ಎದ್ದಾಗ ಹಗ್ಗ ಬಿಗಿ ಮಾಡುವುದು ಇಂಥ ಕೆಲಸವನ್ನು ಒಬ್ಬರಿಗೆ ವಹಿಸಿದ್ದೆವು. ಅವರು ಸುಮಾರು ಬೋಟುಗಳನ್ನು ಹೀಗೆ ನೋಡಿಕೊಳ್ಳುತ್ತಾರೆ. ಇಲಿಯ ವಿಷಯವನ್ನೂ ಅವರೇ ಒಪ್ಪಿಕೊಂಡರು. ಏನಿಡುತ್ತೀರಿ ಎಂದು ಕೇಳಿದ್ದಕ್ಕೆ "ಬೋನು, ಇಲಿ ಪಾಷಾಣದ ಕೇಕು ಎಲ್ಲ ಇಡ್ತೇನೆ ಮಾರಾಯ್ರೆ, ನೀವು ತಲೆಬಿಸಿ ಮಾಡ್ಬೇಡಿ" ಎಂದರು. ಮಾತ್ರೆಯ ಸುದ್ದಿಯೇ ಎತ್ತಲಿಲ್ಲ.

ಜುಲೈ ಕೊನೆಯ ವಾರ ಜಾರ್ಖಂಡಿನ ಒಬ್ಬ ಕಲಾಸಿ ಬೇಗ ಬಂದ. ಬ್ಯಾಟರಿ ನೋಡೋಣ ಅಂತ ಮುಚ್ಚಳ ತೆಗೆದು ಎಂಜಿನ್ ರೂಮಿಗೆ ಇಳಿದ. ಸ್ವಲ್ಪ ಹೊತ್ತಿಗೆ ತಲೆ ಸುತ್ತುತ್ತದೆ ಎಂದು ಮೇಲೆ ಬಂದು ವಾಂತಿ ಮಾಡಿದ. ಎದೆ ಹಿಡಿದುಕೊಂಡು ಕೂತ. ಮೊದಲು ಡೀಸೆಲ್ ವಾಸನೆಗೆ ಹೀಗಾಗಿದೆ ಅಂದುಕೊಂಡರು. ಒಳಗೆ ಏನೋ ಕೊಳೆತ ಮೀನಿನ ವಾಸನೆ ಇತ್ತಂತೆ. ಮೀನಿನ ಬೋಟಿನಲ್ಲಿ ಕೊಳೆತ ಮೀನಿನ ವಾಸನೆ ಬಂದರೆ ಯಾರಿಗೆ ಅನುಮಾನ ಬರುತ್ತದೆ ಹೇಳಿ?

ಆಸ್ಪತ್ರೆಗೆ ಸೇರಿಸಿದ ಮೇಲೆ ಬೋಟ್ ನೋಡಿಕೊಳ್ಳುವವರಿಗೆ ಫೋನ್ ಮಾಡಿದಾಗ ವಿಷಯ ಹೊರಗೆ ಬಂತು. ಇಲಿ ಮತ್ತೆ ಕಾಣಿಸಿಕೊಂಡಿತ್ತು, ಹಿಂದಿನ ಸಂಜೆಯೇ ಮಾತ್ರೆ ಇಟ್ಟಿದ್ದೆ ಎಂದರು. ಜೂನ್‌ನಲ್ಲೂ ಇಟ್ಟಿದ್ದರಂತೆ. ಮುಚ್ಚಳದ ಮೇಲೆ ಒಂದು ಚೀಟಿಯೂ ಇರಲಿಲ್ಲ, ಯಾರಿಗೂ ಹೇಳಿರಲಿಲ್ಲ. ಹುಡುಗ ಐಸಿಯುನಲ್ಲಿ ಮಲಗಿ, ದೇವರ ದಯೆಯಿಂದ ಎದ್ದು ಬಂದ. ಮಾತ್ರೆಯಿಂದ ಬರುವ ಈ ಗ್ಯಾಸಿಗೆ ಪ್ರತಿವಿಷ ಇಲ್ಲ. ಹೃದಯ, ಉಸಿರು ನಿಲ್ಲದಂತೆ ನೋಡಿಕೊಂಡು ಕಾಯುವುದಷ್ಟೇ ಡಾಕ್ಟರಿಗೆ ಉಳಿಯುವ ದಾರಿ.

ಈ ಮಾತ್ರೆ ಅಂದರೆ ಅಲ್ಯೂಮಿನಿಯಂ ಫಾಸ್ಫೈಡ್. ಅಕ್ಕಿ, ಗೋಧಿ ಗೋಡೌನಿನಲ್ಲಿ ಹುಳಕ್ಕೆ ಇಡುವಂಥದ್ದು. ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಅನ್ನುವ ಗ್ಯಾಸ್ ಬಿಡುತ್ತದೆ. 3 ಗ್ರಾಂನ ಒಂದು ಮಾತ್ರೆಯಿಂದ ಸುಮಾರು 1 ಗ್ರಾಂ ಗ್ಯಾಸ್ ಬರುತ್ತದೆ. ಉಳಿಯುವುದು ಬೂದಿ ಬಣ್ಣದ ಪುಡಿ. ಗೋಡೌನಿನಲ್ಲಿ ಟಾರ್ಪಾಲು ಮುಚ್ಚಿ, ಬೀಗ ಹಾಕಿ, ಬೋರ್ಡ್ ಹಚ್ಚಿ, ಆಮೇಲೆ ಗಾಳಿಯಾಡಿಸಿ, ಗ್ಯಾಸ್ ಅಳೆಯುವ ಮೀಟರ್ ಹಿಡಿದು ನೋಡಿ ಒಳಗೆ ಹೋಗುವ ಪದ್ಧತಿ ಇದೆ. ಬೋಟಿನ ಕೆಳಗಿನ ಭಾಗದಲ್ಲಿ ಇದು ಯಾವುದೂ ಇಲ್ಲ. ಮಳೆಗಾಲದ ತೇವ ಬೇಕಾದಷ್ಟು ಇದೆ, ತಳದಲ್ಲಿ ನೀರೂ ಇದೆ. ಈ ಗ್ಯಾಸ್ ಗಾಳಿಗಿಂತ ಸ್ವಲ್ಪ ಭಾರ. ಮುಚ್ಚಿದ ತಳದಲ್ಲಿ ಹಾಗೇ ನಿಲ್ಲುತ್ತದೆ. ವಾಸನೆ ಬೆಳ್ಳುಳ್ಳಿಯ ಹಾಗೆ ಇಲ್ಲವೇ ಕೊಳೆತ ಮೀನಿನ ಹಾಗೆ. ವಾಸನೆ ಇಲ್ಲ ಅಂದರೆ ಅಪಾಯ ಇಲ್ಲ ಅಂತಲೂ ಅರ್ಥವಲ್ಲ.

ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತೇ ಇಲ್ಲ. ಫಾಸ್ಫೀನ್ ತಾಮ್ರವನ್ನು ತಿನ್ನುತ್ತದೆ. ತೇವ ಇದ್ದರೆ ಇನ್ನೂ ಜೋರು. ಮಾತ್ರೆ ಇಡುವ ಕಡೆ ಎಲೆಕ್ಟ್ರಾನಿಕ್ ಸಾಮಾನು ಇರಬಾರದು ಅನ್ನುವುದು ಇದಕ್ಕೇ. ನಾವು ಸೀಸನ್‌ಗೆ ರೆಡಿ ಮಾಡಲು ನೋಡಿದರೆ ಜಿಪಿಎಸ್ ಆನ್ ಆಗಲಿಲ್ಲ. ನೀರಿನಡಿಯ ಮೀನು ತೋರಿಸುವ ಫಿಶ್ ಫೈಂಡರ್ ಆನ್ ಆಯಿತು, ಸ್ಕ್ರೀನಿನಲ್ಲಿ ಏನೂ ಬರಲಿಲ್ಲ. ಮೆಕ್ಯಾನಿಕ್ ಬಿಚ್ಚಿ ತೋರಿಸಿದರು. ಕನೆಕ್ಟರುಗಳೆಲ್ಲ ಕಪ್ಪು. ಇಲಿ ಮುಟ್ಟದ ವೈರಿನ ತುದಿಯೂ ಕಪ್ಪು. ಸ್ಟಾರ್ಟರ್ ಮೋಟರನ್ನೂ ಬಿಚ್ಚಬೇಕಾಯಿತು. ಉಪ್ಪುಗಾಳಿಯ ಪಾಲು ಎಷ್ಟು, ಗ್ಯಾಸಿನ ಪಾಲು ಎಷ್ಟು ಅಂತ ತೂಗಿ ಹೇಳಲಿಕ್ಕೆ ಆಗುವುದಿಲ್ಲ. ಆದರೆ ಇದೇ ಸಾಮಾನು ಹಿಂದಿನ ಮಳೆಗಾಲಗಳನ್ನು ಇದೇ ಕ್ಯಾಬಿನ್ನಿನಲ್ಲಿ ಕಳೆದಿತ್ತು, ಏನೂ ಆಗಿರಲಿಲ್ಲ. ಇಲಿ ಕಡಿದದ್ದು ನಾಲ್ಕೈದು ವೈರ್, ಒಂದು ಹಾಸಿಗೆ, ಬಿಟ್ಟುಹೋದ ಬಲೆಯ ಒಂದು ತುಂಡು. ಅಷ್ಟೇ. ಇಲಿಯನ್ನು ಓಡಿಸಲು ಹೋಗಿ ಅದರ ಎಷ್ಟೋ ಪಟ್ಟು ಕಳೆದುಕೊಂಡೆವು.

ಈ ಮಾತ್ರೆಯನ್ನು ಸಾಮಾನ್ಯ ಜನರಿಗೆ ಮಾರುವಂತೆಯೇ ಇಲ್ಲ. ಸರ್ಕಾರಿ ಗೋಡೌನ್, ಅನುಮತಿ ಇರುವ ಕೀಟ ನಿಯಂತ್ರಣದವರು ಮಾತ್ರ ಬಳಸಬೇಕು ಅನ್ನುವುದು ಕಾನೂನು. ಆದರೂ ಹೇಗೋ ಸಿಗುತ್ತದೆ, ಅದು ಎಲ್ಲರಿಗೂ ಗೊತ್ತು.

ಹಾಗಾದರೆ ಬೇರೆ ಇಲಿ ಪಾಷಾಣ ಪರವಾಗಿಲ್ಲವಾ? ಬೋಟಿಗೆ ಯಾವುದೂ ಬೇಡ ಅನ್ನುವುದು ನನ್ನ ಅಭಿಪ್ರಾಯ. ಕಪ್ಪು ಪುಡಿಯಾಗಿ ಸಿಗುವ ಜಿಂಕ್ ಫಾಸ್ಫೈಡ್‌ನಿಂದ ಬರುವುದೂ ಇದೇ ಗ್ಯಾಸ್, ನಿಧಾನ ಅಷ್ಟೇ. ಬ್ರೋಮಡಿಯೊಲೋನ್ ಕೇಕಿನಲ್ಲಿ ಗ್ಯಾಸ್ ಇಲ್ಲ. ಆದರೆ ಅದನ್ನು ತಿಂದ ಇಲಿ ಸಾಯಲು ಕೆಲವು ದಿನ ಬೇಕು. ಅಷ್ಟರಲ್ಲಿ ಅದು ಮೀನಿನ ಕೋಣೆಯ ಗೋಡೆಯ ಥರ್ಮೋಕೋಲ್ ಒಳಗೆ ಹೋಗಿ ಸತ್ತರೆ ತೆಗೆಯುವವರು ಯಾರು? ಕೇಕಿನ ತುಂಡನ್ನು ಇಲಿ ಕಚ್ಚಿಕೊಂಡು ಹೋಗಿ ಎಲ್ಲೆಲ್ಲೋ ಇಡುತ್ತದೆ. ನಾಳೆ ನಾವು ಐಸ್, ಮೀನು ತುಂಬುವುದು ಅಲ್ಲೇ ಅಲ್ವಾ?

ಇಲಿ ಹತ್ತದ ಹಾಗೆ ಮಾಡುವುದೇ ಸುಲಭ. ಸರಕಿನ ಹಡಗಿನವರು ಹಗ್ಗಕ್ಕೆ ದೊಡ್ಡ ತಗಡಿನ ತಟ್ಟೆ ಸಿಕ್ಕಿಸುತ್ತಾರೆ, ಇಲಿ ಅದನ್ನು ದಾಟಲಾರದು. ನಮ್ಮ ಬಂದರಿನಲ್ಲಿ ಅದರಿಂದ ಪ್ರಯೋಜನ ಕಡಿಮೆ. ಬೋಟಿಗೆ ಬೋಟ್ ತಾಗಿಕೊಂಡೇ ಇರುತ್ತದೆ, ಇಲಿ ಸೇತುವೆ ದಾಟಿದ ಹಾಗೆ ನಡೆದುಬರುತ್ತದೆ. ಹಾಗಾಗಿ ತೂತು ಮುಚ್ಚುವುದೇ ಮುಖ್ಯ. ದೊಡ್ಡ ಇಲಿಗೆ ಅರ್ಧ ಇಂಚು ಸಾಕು, ಸುಂಡಿಲಿಗೆ ಕಾಲು ಇಂಚು. ಸ್ಟಿಯರಿಂಗ್ ಕೇಬಲ್ ಹೋಗುವ ಜಾಗ, ಪಂಪಿನ ನೀರು ಹೊರಗೆ ಬೀಳುವ ಪೈಪ್, ಗಾಳಿಗಿಂಡಿ, ಎಂಜಿನ್ನಿನ ಹೊಗೆ ಕೊಳವೆ ಇವನ್ನು ನೋಡಿ. ಪಾತ್ರೆ ಉಜ್ಜುವ ಸಾದಾ ಕಬ್ಬಿಣದ ನಾರು ತುರುಕಿದರೆ ಉಪ್ಪುಗಾಳಿಗೆ ಮಳೆಗಾಲ ಮುಗಿಯುವ ಮೊದಲೇ ತುಕ್ಕು ಹಿಡಿದು ಉದುರುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಸಣ್ಣ ಕಣ್ಣಿನ ಜಾಲರಿ ಹಾಕಿ. ಹೊಗೆ ಕೊಳವೆ ಮುಚ್ಚಿದ್ದರೆ ಎಂಜಿನ್ ಚಾವಿಗೆ ಒಂದು ಕೆಂಪು ಬಟ್ಟೆ ಕಟ್ಟಿಡಿ. ಇಲ್ಲದಿದ್ದರೆ ಮರೆತು ಸ್ಟಾರ್ಟ್ ಮಾಡುವುದು ಗ್ಯಾರಂಟಿ.

ಅಕ್ಕಿ, ಈರುಳ್ಳಿ, ಎಣ್ಣೆ, ಒಣಮೀನು ಒಂದು ಚೂರೂ ಬೋಟಿನಲ್ಲಿ ಬಿಡಬೇಡಿ. ಅಡುಗೆ ಮಾಡುವ ಜಾಗವನ್ನು ಸೋಪು ಹಾಕಿ ತೊಳೆಯಿರಿ. ಹಾಸಿಗೆ, ಬಲೆ, ಲೈಫ್ ಜಾಕೆಟ್ ಎಲ್ಲ ದಡಕ್ಕೆ ಬರಲಿ. ಜಿಪಿಎಸ್, ವೈರ್‌ಲೆಸ್ ಸೆಟ್ ಬಿಚ್ಚಿ ಮನೆಗೆ ತನ್ನಿ, ಕಳ್ಳರಿಂದಲೂ ಉಳಿಯುತ್ತದೆ. ಆಮೇಲೆ ಕೊಬ್ಬರಿ ಚೂರು ಸಿಕ್ಕಿಸಿದ ಬೋನು ಇಡಿ. ವಾರಕ್ಕೊಮ್ಮೆಯಾದರೂ ಯಾರಾದರೂ ಹೋಗಿ ನೋಡಬೇಕು. ಕರ್ಪೂರ, ನುಸಿ ಗುಳಿಗೆ ನಂಬಿ ಕೂರಬೇಡಿ. ನಾಲ್ಕು ದಿನಕ್ಕೆ ವಾಸನೆ ಹೋಗುತ್ತದೆ, ಇಲಿ ಬರುತ್ತದೆ.

ಇಲಿ ಓಡಾಡಿದ ಬೋಟ್ ತೊಳೆಯುವಾಗ ಗಂಬೂಟು, ಗ್ಲೌಸು ಹಾಕಿಸಿ. ಇಲಿಯ ಮೂತ್ರ ಸೇರಿದ ನೀರು ಕಾಲಿನ ಗಾಯಕ್ಕೆ ತಾಗಿದರೆ ಇಲಿ ಜ್ವರ ಬರಬಹುದು. ನಮ್ಮ ಕಡೆ ಮಳೆಗಾಲದಲ್ಲಿ ಅದು ಹೊಸದೇನಲ್ಲ. ತೊಳೆದ ಮೇಲೆ ಒಂದೆರಡು ವಾರದಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಶುರುವಾದರೆ, ಬೋಟ್ ತೊಳೆದಿದ್ದೆ ಅಂತ ಡಾಕ್ಟರಿಗೆ ಹೇಳಬೇಕು.

ಯಾರಾದರೂ ಈಗಾಗಲೇ ಮಾತ್ರೆ ಇಟ್ಟಿದ್ದಾರೆ ಅಂತ ಗೊತ್ತಾದರೆ ಕೆಳಗೆ ಇಳಿಯಬೇಡಿ. ಮೂಗಿಗೆ ಬಟ್ಟೆ ಕಟ್ಟಿಕೊಂಡರೆ ಏನೂ ಆಗುವುದಿಲ್ಲ ಅನ್ನುವುದು ಸುಳ್ಳು, ಬಟ್ಟೆ ಗ್ಯಾಸನ್ನು ತಡೆಯುವುದಿಲ್ಲ. ಅಕ್ಕಪಕ್ಕದ ಬೋಟಿನಲ್ಲಿ ಮಲಗಿರುವವರನ್ನು ಎಬ್ಬಿಸಿ ಕಳುಹಿಸಿ. 112ಕ್ಕೆ ಫೋನ್ ಮಾಡಿ, ಯಾವ ಮಾತ್ರೆ ಅಂತ ಹೇಳಿ. ಅದರ ಮೇಲೆ ನೀರು ಸುರಿಯಲೇಬೇಡಿ, ಗ್ಯಾಸ್ ಒಮ್ಮೆಲೇ ಎದ್ದು ಬೆಂಕಿಯೂ ಹತ್ತಬಹುದು. ಯಾರಿಗಾದರೂ ವಾಂತಿ, ಎದೆ ಬಿಗಿತ ಇದ್ದರೆ ಕಾಯದೆ ಆಸ್ಪತ್ರೆಗೆ ಸೇರಿಸಿ. ಮಾತ್ರೆಯ ಡಬ್ಬಿ ಹೊರಗೆಲ್ಲಾದರೂ ಸಿಕ್ಕಿದರೆ ಲೇಬಲ್ಲಿನ ಫೋಟೋ ತೆಗೆದು ಡಾಕ್ಟರಿಗೆ ತೋರಿಸಿ.

ಈ ಸಲ ಮೇ ತಿಂಗಳಲ್ಲಿ ಬೋಟ್ ನೋಡಿಕೊಳ್ಳುವವರ ಹತ್ತಿರ ಬಾಯಿಮಾತಿಗೆ ಬಿಡದೆ ಬರೆಸಿಕೊಳ್ಳಿ: ಬೋನು ಮಾತ್ರ, ಯಾವ ವಿಷವೂ ಬೇಡ. ಪಕ್ಕದ ಬೋಟಿನವರಿಗೂ ಹೇಳಿ. ಕಲಾಸಿಗಳಿಗೆ ಅವರ ಭಾಷೆಯಲ್ಲೇ ಹೇಳಿಸಿ. ನಮ್ಮ ಹುಡುಗನಿಗೆ ಕನ್ನಡ ಓದಲು ಬರುವುದಿಲ್ಲ. ಅವನಂಥವರು ಪ್ರತಿ ಬೋಟಿನಲ್ಲೂ ಇದ್ದಾರೆ, ಕೆಳಗೆ ಮೊದಲು ಇಳಿಯುವವರೂ ಅವರೇ.