ಈ ಮಳೆಗಾಲಕ್ಕೆ ಕರ್ವಾಲೊನೋ, ಮದುಮಗಳೋ, ಸಂಸ್ಕಾರವೋ?

ತೀರ್ಥಹಳ್ಳಿ ಕಡೆ ಮಳೆ ಹಿಡಿದಿದೆ, ಈ ಮೂರು ಕಾದಂಬರಿಗಳಲ್ಲಿ ಯಾವುದನ್ನು ಮೊದಲು ಓದಲಿ ಅಂತ ಕೇಳಿದ್ದೀರಿ.

ಹೊತ್ತು ಕಮ್ಮಿಯಿದ್ದರೆ ತೇಜಸ್ವಿಯವರ ‘ಕರ್ವಾಲೊ’ (1980) ಅಥವಾ ಅನಂತಮೂರ್ತಿಯವರ ‘ಸಂಸ್ಕಾರ’ (1965). ಎರಡೂ ತೆಳು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ವಾರಗಟ್ಟಲೆ ಬೇಡುತ್ತದೆ. ಯಾರು ಯಾವ ಮನೆಯವರು ಅಂತ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಆದರೆ ಗುತ್ತಿ ತನ್ನ ನಾಯಿ ಹುಲಿಯನ ಜೊತೆ ಕಾಡುದಾರಿ ಹಿಡಿದರೆ, ಓದುವವರ ಕಾಲಿಗೂ ಉಂಬಳ (ಜಿಗಣೆ) ಹತ್ತುತ್ತದೆ! ರಜೆ ಉದ್ದವಿದ್ದವರಿಗೆ ಅದು.

ಸಲೀಸಾಗಿ ಓದಿಸಿಕೊಳ್ಳುವುದು ಕರ್ವಾಲೊ. ಹಾರುವ ಓತಿಯ ಬೆನ್ನು ಹತ್ತಿದ ಮಂದಣ್ಣ ಸಿಕ್ಕಾಪಟ್ಟೆ ನಗಿಸುತ್ತಾನೆ, ಹೈಸ್ಕೂಲ್ ಮಕ್ಕಳಿಗೂ ಕೊಡಬಹುದು. ಸಂಸ್ಕಾರದಲ್ಲಿ ನಾರಣಪ್ಪನ ಹೆಣ ಅಗ್ರಹಾರದಲ್ಲೇ ಕೊಳೆಯುತ್ತಿದೆ, ಸುಡುವವರು ಯಾರೆಂದು ತೀರ್ಮಾನವಾಗುತ್ತಿಲ್ಲ. ವಾದಕ್ಕೆ ಗೆಳೆಯರಿದ್ದರೆ ಇದೇ ಸರಿ, ಊಟಕ್ಕೆ ಮುಂಚೆ ಮಾತ್ರ ಬೇಡ.